ಕಚ್ಚಿದ್ದಕ್ಕೆ ಹದಿನೈದು ದಿನ ಮನೆಗೆ: ಆಟಿಸಂ ಇರುವ ಮಗುವನ್ನು ಶಾಲೆ ಹೇಗೆ ಶಿಸ್ತಿಗೆ ಒಳಪಡಿಸಬಹುದು?

ಪ್ರಶ್ನೆ: ಮಾನ್ಯರೇ, ನಾವು ಸೋಮವಾರಪೇಟೆ ತಾಲ್ಲೂಕಿನವರು. ಒಂಬತ್ತು ವರ್ಷದ ನಮ್ಮ ಮಗ ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾನೆ. ಅವನಿಗೆ ಆಟಿಸಂ ಇದೆ ಎಂದು ಐದನೇ ವಯಸ್ಸಿನಲ್ಲಿ ಮೈಸೂರಿನಲ್ಲಿ ತೋರಿಸಿದಾಗ ತಿಳಿಯಿತು. ಆ ವರದಿಯನ್ನು ಶಾಲೆಗೂ ಕೊಟ್ಟಿದ್ದೇವೆ. ಕಳೆದ ವಾರ ಜೋರು ಮಳೆಯ ದಿನ ಎರಡು ತರಗತಿಗಳನ್ನು ಒಟ್ಟಿಗೆ ಹಾಲ್‌ನಲ್ಲಿ ಕೂರಿಸಿದ್ದಾಗ ಪಕ್ಕದ ಹುಡುಗನನ್ನು ತಳ್ಳಿದನಂತೆ, ಹಿಡಿಯಲು ಬಂದ ಶಿಕ್ಷಕಿಯ ಕೈ ಕಚ್ಚಿದನಂತೆ. ಹದಿನೈದು ದಿನ ಕಳುಹಿಸಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಮತ್ತೆ ಹೀಗಾದರೆ ನಾವೇ ಟಿ.ಸಿ. ತೆಗೆದುಕೊಂಡು ಹೋಗುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡಬೇಕಂತೆ. ಜೂನ್‌ನಿಂದಲೇ ಅವನನ್ನು ಮಧ್ಯಾಹ್ನ 12 ಗಂಟೆಗೆ ಕರೆದುಕೊಂಡು ಬರುತ್ತಿದ್ದೆವು. ಗಲಾಟೆ ಮಾಡಿದ ದಿನ ಜಗಲಿಯಲ್ಲಿ ನಿಲ್ಲಿಸುತ್ತಿದ್ದರು. ಈಗ ನಮ್ಮದೇ ಖರ್ಚಿನಲ್ಲಿ ಜೊತೆಗೆ ಕೂರುವ ಒಬ್ಬರನ್ನು ಇಡಿ ಎನ್ನುತ್ತಿದ್ದಾರೆ. ಹತ್ತು ದಿನಕ್ಕಿಂತ ಹೆಚ್ಚು ಹೊರಗಿಡುವಂತಿಲ್ಲ ಎಂದು ಅಂತರಜಾಲದಲ್ಲಿ ಓದಿದೆ, ನಿಜವೇ? ಮಗನದೂ ತಪ್ಪಿದೆ ಎಂದು ನನಗೆ ಗೊತ್ತು. ಆದರೆ ಶಾಲೆಯವರ ಜೊತೆ ನಿಷ್ಠುರ ಮಾಡಿಕೊಂಡರೆ ಹತ್ತಿರದಲ್ಲಿ ಬೇರೆ ಶಾಲೆಯಿಲ್ಲ.

ಉತ್ತರ: ನಿಮ್ಮ ಪತ್ರ ಬಂದಾಗ ಹದಿನೈದು ದಿನಗಳಲ್ಲಿ ಆರು ಕಳೆದಿದ್ದವು. ಆದ್ದರಿಂದ ತಕ್ಷಣ ಮಾಡಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಮುಚ್ಚಳಿಕೆಗೆ ಸಹಿ ಹಾಕಬೇಡಿ. ಮಗನನ್ನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕಾರಣಕ್ಕೆ, ಯಾರ ಆದೇಶದ ಮೇಲೆ ಶಾಲೆಯಿಂದ ಹೊರಗಿಡಲಾಗಿದೆ ಎಂಬುದನ್ನು ಬರಹದಲ್ಲಿ ಕೊಡಿ ಎಂದು ಮುಖ್ಯೋಪಾಧ್ಯಾಯರಿಗೆ ನಾಲ್ಕು ಸಾಲಿನ ಪತ್ರ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಇದು ಜಗಳವಲ್ಲ, ಯಾವ ಶಾಲೆಯೂ ತಪ್ಪೆಂದು ಹೇಳಲಾಗದ ಕೋರಿಕೆ. ಬಾಯಿಮಾತಿನಲ್ಲಿ ಸಲೀಸಾಗಿ ಹೇಳಿದ ಹದಿನೈದು ದಿನವನ್ನು ಕಾಗದದ ಮೇಲೆ ಬರೆಯಬೇಕಾದಾಗ ಅದು ಮೂರಕ್ಕೆ ಇಳಿದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಇನ್ನು ಕಾನೂನಿನ ಮಾತು. ನಿಮ್ಮ ಮಗನಿಗೆ ಎರಡು ಕಾಯ್ದೆಗಳ ರಕ್ಷಣೆಯಿದೆ. ಮೊದಲನೆಯದು 2009ರ ಶಿಕ್ಷಣ ಹಕ್ಕು ಕಾಯ್ದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿ ಅನುತ್ತೀರ್ಣಗೊಳಿಸುವ ವಿಷಯದಲ್ಲಿ ಆ ಕಲಮನ್ನು ಸಡಿಲಿಸಿತೇ ಹೊರತು ಹೊರಹಾಕುವುದಕ್ಕೆ ಇರುವ ನಿಷೇಧವನ್ನು ಮುಟ್ಟಲಿಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 17ನೇ ಕಲಮು ನಿಷೇಧಿಸಿದೆ. ಜಗಲಿಯಲ್ಲಿ ನಿಲ್ಲಿಸಿದ್ದು ಈ ಕಲಮಿನಡಿ ಉತ್ತರ ಹೇಳಬೇಕಾದ ಸಂಗತಿಯೇ ಆಗಿದೆ. ಮಗುವಿಗೆ ಸದ್ದಿನಿಂದ ದೂರ ಸ್ವಲ್ಪ ಹೊತ್ತು ಕೂರಲು ಜಾಗ ಕೊಡುವುದು ಬೇರೆ, ಹೋಗಿ ಬರುವವರೆಲ್ಲ ನೋಡುವಂತೆ ಎರಚಲು ಮಳೆಯಲ್ಲಿ ನಿಲ್ಲಿಸುವುದು ಬೇರೆ. ಎರಡನೆಯ ರಕ್ಷಣೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದರ ಅನುಸೂಚಿಯಲ್ಲಿರುವ 21 ವಿಕಲತೆಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಟ್ಟು, ಕಲಿಕೆಯನ್ನು ಗಮನಿಸುತ್ತಿರಬೇಕೆಂದು ಈ ಕಾಯ್ದೆಯ 16ನೇ ಕಲಮು ಹೇಳುತ್ತದೆ. ಮಾನ್ಯತೆ ಎಂಬ ಪದವನ್ನು ಗಮನಿಸಿ. ನಿಮ್ಮ ಶಾಲೆ ಒಂದು ರೂಪಾಯಿ ಅನುದಾನ ಪಡೆಯದಿದ್ದರೂ ಮಾನ್ಯತೆಯಿಲ್ಲದೆ ನಡೆಯುವಂತಿಲ್ಲವಾದ್ದರಿಂದ, ‘ನಮ್ಮದು ಖಾಸಗಿ ಶಾಲೆ, ಇದೆಲ್ಲ ನಮಗೆ ಬರುವುದಿಲ್ಲ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಕೊಡಗಿನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳೂ ಸಾಕಷ್ಟಿವೆ. ಶಿಕ್ಷಣ ಹಕ್ಕು ಕಾಯ್ದೆ ಅಂಥ ಸಂಸ್ಥೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಿಮ್ಮ ಶಾಲೆ ಅಂಥದ್ದಾಗಿದ್ದರೆ ಮೊದಲ ಕಾಯ್ದೆಯನ್ನು ಬದಿಗಿಟ್ಟು ಎರಡನೆಯದನ್ನೇ ಹಿಡಿದು ಬರೆಯಿರಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹದಿನೈದು ದಿನದ ಮಾತಲ್ಲ, ನೀವು ನಡುವೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ 12 ಗಂಟೆಯ ಮಾತು. ಅಮಾನತಿಗೆ ಒಂದು ಹೆಸರಾದರೂ ಇದೆ. ಪ್ರತಿದಿನ ಅರ್ಧಕ್ಕೆ ಮನೆಗೆ ಕಳುಹಿಸುವುದಕ್ಕೆ ಹೆಸರೂ ಇಲ್ಲ, ಆದೇಶವೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆಯೇ ಹಾಜರಿ ಬಿದ್ದಿರುತ್ತದೆ, ಮಗು ಮಾತ್ರ ಮಧ್ಯಾಹ್ನದ ಪಾಠಗಳಲ್ಲಿ, ಆಟದ ಪೀರಿಯಡ್‌ನಲ್ಲಿ, ಬುತ್ತಿ ಬಿಚ್ಚಿ ಗೆಳೆಯರ ಜೊತೆ ಕೂರುವ ಹೊತ್ತಿನಲ್ಲಿ ಇರುವುದಿಲ್ಲ. ಸಹಪಾಠಿಗಳ ನಡುವೆ ಇರುವುದನ್ನು ಕಲಿಯಬೇಕಾದ ಮಗುವಿಗೆ ಗಣಿತದ ಪಾಠಕ್ಕಿಂತ ಆ ಊಟದ ಹೊತ್ತೇ ದೊಡ್ಡದು. ಜೂನ್‌ನಿಂದ ಎಷ್ಟು ದಿನ 12ಕ್ಕೆ ಕರೆದುಕೊಂಡು ಬಂದಿರಿ ಎಂಬುದನ್ನು ಡೈರಿ, ಫೋನಿನ ಸಂದೇಶ, ಆಟೋದವರ ಲೆಕ್ಕ, ಯಾವುದರಿಂದಲಾದರೂ ಸರಿ, ಕೂಡಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಯಾರ ಮುಂದೆ ಹೋದರೂ ಈ ಹಾಳೆಯೇ ನಿಮ್ಮ ಮುಖ್ಯ ದಾಖಲೆಯಾಗುತ್ತದೆ.

ಹತ್ತು ದಿನದ ನಿಯಮ ನಿಜವೇ ಎಂದು ಕೇಳಿದ್ದೀರಿ. ನಿಜ, ಆದರೆ ಅದು ಅಮೆರಿಕದ್ದು. ಅಲ್ಲಿನ ಕಾಯ್ದೆಯ ಪ್ರಕಾರ, ವಿಕಲತೆಯಿರುವ ವಿದ್ಯಾರ್ಥಿಯನ್ನು ಹತ್ತು ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಡುವುದಾದರೆ, ಆ ವರ್ತನೆ ವಿಕಲತೆಯಿಂದಲೇ ಬಂದದ್ದೇ ಎಂದು ಪೋಷಕರನ್ನೂ ಕೂರಿಸಿಕೊಂಡು ತೀರ್ಮಾನಿಸಬೇಕು. ನಮ್ಮಲ್ಲಿ ಹಾಗೆ ದಿನ ಎಣಿಸುವ ನಿಯಮವಿಲ್ಲ. ಆ ಪುಟವನ್ನು ಮುದ್ರಿಸಿಕೊಂಡು ಹೋಗಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರೆ ನಿಮ್ಮ ಉಳಿದ ನ್ಯಾಯವಾದ ಮಾತುಗಳ ತೂಕವೂ ಕಡಿಮೆಯಾಗುತ್ತದೆ. ಆದರೆ ಅದೇ ಪ್ರಶ್ನೆಯನ್ನು ನಮ್ಮ ಕಾಯ್ದೆಯೂ ಬೇರೆ ದಾರಿಯಿಂದ ಕೇಳುತ್ತದೆ. ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು 2016ರ ಕಾಯ್ದೆ ವ್ಯಾಖ್ಯಾನದಲ್ಲಿಯೇ ಹೇಳಿದೆ. ವಿಕಲತೆಯ ಕಾರಣಕ್ಕೆ ಒಬ್ಬರನ್ನು ಬೇರೆಯಾಗಿ ನಡೆಸಿಕೊಳ್ಳಬೇಕಾದರೆ ಅದು ನ್ಯಾಯವಾದ ಉದ್ದೇಶಕ್ಕಾಗಿ, ಆ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದಲ್ಲಿ ಇರಬೇಕು ಎನ್ನುತ್ತದೆ 3ನೇ ಕಲಮು. ಹಾಗಾದರೆ ಶಾಲೆಗೆ ಕೇಳಬೇಕಾದ ಪ್ರಶ್ನೆ ಇದು: ತಳ್ಳುವ, ಕಚ್ಚುವ ಸ್ಥಿತಿಗೆ ಮಗು ಬಾರದಂತೆ ನೀವು ಮೊದಲು ಏನು ಮಾಡಿದಿರಿ?

ಇಲ್ಲಿ ನಾನು ಕಾನೂನನ್ನು ಬಿಟ್ಟು ಆ ಹಾಲ್‌ಗೆ ಬರುತ್ತೇನೆ. ಶಾಲೆಯ ವರದಿ ಸಾಮಾನ್ಯವಾಗಿ ‘ತಳ್ಳಿದ’ ಎಂಬಲ್ಲಿಂದ ಶುರುವಾಗುತ್ತದೆ. ನನಗೆ ಬೇಕಿರುವುದು ಅದಕ್ಕೆ ಮೊದಲಿನ ಹತ್ತು ನಿಮಿಷ. ನಮ್ಮ ಕಡೆಯ ಜುಲೈ ಮಳೆ ತಗಡಿನ ಶೀಟಿನ ಮೇಲೆ ಬೀಳುವಾಗ ದೊಡ್ಡವರಿಗೇ ಪಕ್ಕದವರ ಮಾತು ಕೇಳಿಸುವುದಿಲ್ಲ. ಅದರೊಳಗೆ ಎರಡು ತರಗತಿಯ ಮಕ್ಕಳ ಗದ್ದಲ, ಒದ್ದೆ ರೈನ್‌ಕೋಟಿನ ವಾಸನೆ, ತನ್ನದಲ್ಲದ ಜಾಗ, ವೇಳಾಪಟ್ಟಿಯಲ್ಲಿಲ್ಲದ ಪೀರಿಯಡ್. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು ನಮಗೆ ಕೇಳಿದಂತೆ ಕೇಳುವುದಿಲ್ಲ, ದಿನಚರಿಯ ಬದಲಾವಣೆ ನಮಗೆ ಅನಿಸಿದಷ್ಟು ಸಣ್ಣದಾಗಿ ಅನಿಸುವುದಿಲ್ಲ. ಕೊಡಗಿನ ಮಳೆಗಾಲವೇ ಬದಲಾವಣೆಗಳ ಕಾಲ. ಬೆಳಿಗ್ಗೆ ಸಮವಸ್ತ್ರ ತೊಟ್ಟು ನಿಂತ ಮೇಲೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಸುದ್ದಿ ಬರುತ್ತದೆ, ಆ ರಜೆಯನ್ನು ಸರಿದೂಗಿಸಲು ಮುಂದೆ ಶನಿವಾರ ಮಧ್ಯಾಹ್ನವೂ ತರಗತಿ ನಡೆಯುತ್ತದೆ. ಉಳಿದ ಮಕ್ಕಳಿಗೆ ಇದು ಹಬ್ಬ, ನಿಮ್ಮ ಮಗನಿಗೆ ಕಾಲಡಿಯ ನೆಲ ಜರುಗಿದಂತೆ. ಅವನು ಆ ಹತ್ತು ನಿಮಿಷದಲ್ಲಿ ಕಿವಿ ಮುಚ್ಚಿಕೊಂಡಿದ್ದನೇ? ಬಾಗಿಲ ಕಡೆಗೆ ಎರಡು ಸಲ ಎದ್ದು ಹೋಗಿದ್ದನೇ? ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದನೇ? ಇವೆಲ್ಲ ಅವನ ಭಾಷೆಯಲ್ಲಿ ‘ನನ್ನಿಂದ ಆಗುತ್ತಿಲ್ಲ’ ಎಂಬ ಅರ್ಜಿಗಳೇ. ಮನೆಯಲ್ಲಿ ಕನ್ನಡವನ್ನೋ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಕೇಳಿ ಬೆಳೆದು, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಅಪ್ಪಣೆ ಕೇಳುವ ಮಗುವಿಗೆ, ಗಾಬರಿಯಾದಾಗ ಮೊದಲು ಕೈಬಿಟ್ಟು ಹೋಗುವುದು ಆ ಕಲಿತ ಭಾಷೆಯೇ. ಅಂಥ ಹೊತ್ತಿನಲ್ಲಿ ಹಿಂದಿನಿಂದ ಬಂದು ತೋಳು ಹಿಡಿದರೆ ಕಚ್ಚುವುದು ಆಶ್ಚರ್ಯವಲ್ಲ.

ವಿರಾಜಪೇಟೆ ಕಡೆಯ ಶಾಲೆಯೊಂದಕ್ಕೆ ಹಿಂದೆ ನನ್ನನ್ನು ಕರೆಸಿದ್ದರು. ಎರಡನೇ ತರಗತಿಯ ಹುಡುಗಿ ದಿನಕ್ಕೆ ಏಳೆಂಟು ಸಲ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು, ತಡೆಯಲು ಹೋದವರನ್ನೂ ಕಚ್ಚುತ್ತಿದ್ದಳು. ಹಠ ಎಂದು ಎಲ್ಲರೂ ತೀರ್ಮಾನಿಸಿದ್ದರು. ನಾನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಬರೀ ಗಡಿಯಾರ ನೋಡಿ ಬರೆದುಕೊಂಡೆ. ಕಚ್ಚಿಕೊಂಡ ಪ್ರತಿ ಸಮಯವೂ ಪೀರಿಯಡ್ ಬದಲಾಗುವ ಸಮಯಕ್ಕೆ ಹೊಂದುತ್ತಿತ್ತು. ರೈಲೇ ಇಲ್ಲದ ನಮ್ಮ ಜಿಲ್ಲೆಯ ಆ ಶಾಲೆಯಲ್ಲಿಯೂ ಗಂಟೆ ಎಂದರೆ ತೂಗುಹಾಕಿದ ರೈಲು ಹಳಿಯ ತುಂಡು, ಅದು ತೂಗುತ್ತಿದ್ದುದು ಅವಳ ಕಿಟಕಿಯಿಂದ ಎರಡು ಮಾರು ದೂರದಲ್ಲಿ. ಮುಖ್ಯೋಪಾಧ್ಯಾಯರು ಅದನ್ನು ಬಿಚ್ಚಿಸಿ ಕಟ್ಟಡದ ಆಚೆ ಕೊನೆಗೆ ಕಟ್ಟಿಸಿದರು, ಹೊಡೆಯುವ ಮೊದಲು ಒಬ್ಬ ಮಗು ಬಂದು ಅವಳಿಗೆ ಕೆಂಪು ಚೀಟಿ ತೋರಿಸುವ ಏರ್ಪಾಡು ಮಾಡಿದರು. ಕಚ್ಚುವುದು ಪೂರ್ತಿ ನಿಂತಿತೆಂದು ನಾನು ಹೇಳುವುದಿಲ್ಲ, ಆದರೆ ವಾರಕ್ಕೆ ಒಂದೆರಡಕ್ಕೆ ಇಳಿಯಿತು. ಕಾಯ್ದೆ ಸಮಂಜಸ ಹೊಂದಾಣಿಕೆ ಎಂದು ಕರೆಯುವುದು ಬಹುಪಾಲು ಇಂಥದ್ದನ್ನೇ. ಒಂದು ತುಂಡು ಹಗ್ಗ, ಒಂದು ಚೀಟಿ, ಕೇಳಿಸಿಕೊಳ್ಳುವ ಒಬ್ಬ ಮುಖ್ಯೋಪಾಧ್ಯಾಯರು.

ಮನೆಗೆ ಕಳುಹಿಸುವ ಶಿಕ್ಷೆಯ ಬಗ್ಗೆ ಶಿಕ್ಷಕರೊಂದಿಗೆ ಮಾತನಾಡುವಾಗ ನಾನು ಹಕ್ಕಿನ ವಾದವನ್ನು ಮುಂದಿಡುವುದು ಕಡಿಮೆ. ಅದು ಕೆಲಸಕ್ಕೆ ಬಾರದ ಶಿಕ್ಷೆ ಎಂಬುದನ್ನೇ ಹೇಳುತ್ತೇನೆ. ಸದ್ದು ತಡೆಯಲಾರದೆ ಒದ್ದಾಡುತ್ತಿದ್ದ ಮಗು ಕಚ್ಚಿತು, ಕಚ್ಚಿದ ಕೂಡಲೇ ಅದನ್ನು ಮೌನವಾದ ಮನೆಗೆ ಕಳುಹಿಸಿದರು. ಮಗು ಇದರಿಂದ ಕಲಿಯುವುದು ಕಚ್ಚಬಾರದೆಂದಲ್ಲ, ಕಚ್ಚಿದರೆ ಸದ್ದು ನಿಲ್ಲುತ್ತದೆ ಎಂದು. ಮುಂದಿನ ಸಲ ತಳ್ಳುವ ಮೆಟ್ಟಿಲನ್ನೂ ಹಾರಿ ನೇರವಾಗಿ ಕಚ್ಚುವುದಕ್ಕೇ ಬರುತ್ತದೆ. ಕಚ್ಚುವ ಬದಲು ಅದೇ ಫಲ ಕೊಡುವ ಇನ್ನೊಂದು ದಾರಿಯನ್ನು, ಉದಾಹರಣೆಗೆ ಮೇಜಿನ ಮೂಲೆಗೆ ಅಂಟಿಸಿದ ಒಂದು ಕಾರ್ಡನ್ನು ತೋರಿಸಿದರೆ ಐದು ನಿಮಿಷ ಗ್ರಂಥಾಲಯದಲ್ಲಿ ಕೂರಬಹುದು ಎಂಬುದನ್ನು, ಶಾಂತವಾಗಿರುವ ದಿನಗಳಲ್ಲಿಯೇ ಹತ್ತಾರು ಸಲ ಅಭ್ಯಾಸ ಮಾಡಿಸಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದು.

ಹಾಗೆಂದು ಶಾಲೆಗೆ ಯಾವ ಅಧಿಕಾರವೂ ಇಲ್ಲವೆಂದು ತಿಳಿಯಬೇಡಿ. ಮಗನದೂ ತಪ್ಪಿದೆ ಎಂದು ನೀವೇ ಬರೆದಿರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆಟಿಸಂ ಇರುವ ಮಗುವಿಗೂ ನಿಯಮಗಳಿರಬೇಕು. ಮತ್ತೊಬ್ಬರಿಗೆ ಪೆಟ್ಟಾಗುವ ಅಪಾಯ ಕಣ್ಣೆದುರೇ ಇದ್ದಾಗ ಅದು ಕಳೆಯುವಷ್ಟು ಹೊತ್ತು, ಅಷ್ಟೇ ಬಲದಿಂದ ಮಗುವನ್ನು ತಡೆದು ಹಿಡಿಯುವುದು ತಪ್ಪಲ್ಲ. ಶಿಕ್ಷೆಯಾಗಿ ಹಿಡಿದು ಕೂರಿಸುವುದು, ಕೋಣೆಯಲ್ಲಿ ಕೂಡಿ ಚಿಲಕ ಹಾಕುವುದು ತಪ್ಪು. ಅವನ ಜಾಗ ಬದಲಿಸಬಹುದು, ಕೆಲವು ದಿನ ಗುಂಪಿನ ಚಟುವಟಿಕೆಯಲ್ಲಿ ಒಬ್ಬ ಶಿಕ್ಷಕರ ಪಕ್ಕದಲ್ಲಿಯೇ ಇರಿಸಬಹುದು, ಪೋಷಕರನ್ನು ಕರೆಸಿ ಮಾತನಾಡಬಹುದು. ಅಪಾಯ ನಿಜವಾಗಿಯೂ ದೊಡ್ಡದಿದ್ದರೆ ಸುರಕ್ಷತೆಯ ಏರ್ಪಾಡು ಆಗುವವರೆಗೆ ಒಂದೆರಡು ದಿನ ಮನೆಯಲ್ಲಿರಿಸಿ ಎಂದು, ಕಾರಣ ಬರೆದು, ಪಾಠದ ಕೆಲಸ ಕೊಟ್ಟು, ಮರಳುವ ದಿನಾಂಕ ಗೊತ್ತುಮಾಡಿ ಕೇಳುವುದನ್ನೂ ನಾನು ಅನ್ಯಾಯವೆನ್ನುವುದಿಲ್ಲ. ನಿಮ್ಮ ಮಾತನ್ನು ಕೇಳದೆ, ಕಾಗದವಿಲ್ಲದೆ, ಹಿಂದಿನ ಹತ್ತು ನಿಮಿಷವನ್ನು ವಿಚಾರಿಸದೆ ಹದಿನೈದು ದಿನ ಎನ್ನುವುದು ಆ ಬಗೆಯದ್ದಲ್ಲ.

ಆ ಶಿಕ್ಷಕಿಯನ್ನು ನೀವು ಈವರೆಗೆ ಕಂಡಿಲ್ಲವಾದರೆ ನಾಳೆಯೇ ಕಂಡು ಬನ್ನಿ. ಮನುಷ್ಯರ ಕಡಿತದಿಂದ ಚರ್ಮ ಒಡೆದಿದ್ದರೆ ವೈದ್ಯರಿಗೆ ತೋರಿಸುವುದು ಅಗತ್ಯ. ಆ ಖರ್ಚನ್ನು ಕೊಡುತ್ತೇವೆಂದು ಹೇಳುವುದು ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ. ಮೂವತ್ತೈದು ನಲವತ್ತು ಮಕ್ಕಳ ನಡುವೆ ತರಬೇತಿಯಿಲ್ಲದೆ ನಿಂತವರು ಅವರು. ತಳ್ಳಿಸಿಕೊಂಡ ಹುಡುಗನ ಮನೆಗೂ ಒಂದು ಮಾತು ಹೋಗಬೇಕು. ಆದರೆ ಪ್ರಾರ್ಥನಾ ಸಭೆಯಲ್ಲಿ ಎಲ್ಲರೆದುರು ಮಗನಿಂದ ‘ಸಾರಿ’ ಹೇಳಿಸುತ್ತೇವೆಂದರೆ ಒಪ್ಪಬೇಡಿ. ಅವನು ಬರೆದ ಒಂದು ಚಿತ್ರ, ಅಥವಾ ಆ ಹುಡುಗನ ನೀರಿನ ಬಾಟಲಿಯನ್ನು ತುಂಬಿಸಿ ತಂದು ಕೊಡುವ ಒಂದು ಕೆಲಸ ಅದಕ್ಕಿಂತ ಹೆಚ್ಚಿನ ಪಶ್ಚಾತ್ತಾಪ.

ಮುಚ್ಚಳಿಕೆಯ ವಿಷಯ. ಕಾಯ್ದೆ ಮಗುವಿಗೆ ಕೊಟ್ಟ ಹಕ್ಕನ್ನು ಪೋಷಕರಿಂದ ಬರೆಸಿಕೊಂಡ ಕಾಗದ ಕಿತ್ತುಕೊಳ್ಳಲಾರದು. ಹಾಗಿದ್ದರೂ ಸಹಿ ಬೇಡವೆಂದು ನಾನು ಹೇಳುವುದಕ್ಕೆ ಕಾರಣ, ಹೊರಹಾಕುವ ಆದೇಶವನ್ನು ಯಾವ ಶಾಲೆಯೂ ಬರೆಯುವುದಿಲ್ಲ, ಟಿ.ಸಿ. ಅರ್ಜಿಯನ್ನು ಪೋಷಕರಿಂದಲೇ ಬರೆಸಿಕೊಳ್ಳುತ್ತದೆ. ಅದರಲ್ಲಿ ಕಾರಣದ ಜಾಗದಲ್ಲಿ ‘ಸ್ವಂತ ಕಾರಣ’ ಎಂದು ಬರೆದ ದಿನ, ನಿಮ್ಮ ಮಗನನ್ನು ಯಾರೂ ಹೊರಹಾಕಲಿಲ್ಲ, ನೀವೇ ಕರೆದುಕೊಂಡು ಹೋದಿರಿ ಎಂದಾಗುತ್ತದೆ. ಎಂದಾದರೂ ಶಾಲೆ ಬದಲಿಸಲೇಬೇಕಾಗಿ ಬಂದರೆ ನಿಜವಾದ ಕಾರಣವನ್ನೇ ಬರೆಯಿರಿ.

ಜೊತೆಗೆ ಕೂರುವವರ ಸಂಬಳದ ಬಗ್ಗೆ: ಹೊಂದಾಣಿಕೆಗೆ ತಗಲುವ ವೆಚ್ಚವನ್ನು ವಿಕಲತೆಯಿರುವ ವ್ಯಕ್ತಿಯಿಂದ ಭಾಗಶಃವಾಗಲಿ ಪೂರ್ತಿಯಾಗಲಿ ಬಲವಂತವಾಗಿ ವಸೂಲು ಮಾಡಬಾರದು ಎಂದು ಕೇಂದ್ರದ 2017ರ ನಿಯಮಗಳು ಹೇಳುತ್ತವೆ. ಹೊಂದಾಣಿಕೆಯ ಹೊರೆ ಮಿತಿಮೀರಿದ್ದಾಗಿರಬಾರದು ಎಂಬ ಮಾತು ಕಾಯ್ದೆಯಲ್ಲಿಯೇ ಇರುವುದರಿಂದ ಸಣ್ಣ ಶಾಲೆ ತನ್ನ ಕಷ್ಟವನ್ನು ಹೇಳಿಕೊಳ್ಳಬಹುದು. ಆದರೆ ನಿಮ್ಮ ಮಗನಿಗೆ ದಿನವಿಡೀ ಒಬ್ಬರು ಬೇಕೇ ಎಂಬುದೇ ನನಗೆ ಅನುಮಾನ. ಸದ್ದು ತಗ್ಗಿಸುವ ಕಿವಿಮುಚ್ಚಿಗೆ, ವೇಳಾಪಟ್ಟಿಯ ಚಿತ್ರದ ಹಾಳೆ, ಎದ್ದು ಹೋಗಲು ಒಂದು ಜಾಗ, ಇವನ್ನು ಮೊದಲು ಒಂದು ತಿಂಗಳು ಮಾಡಿ ನೋಡಲಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು ಇರುತ್ತಾರೆ. ಅವರ ಕೆಲಸ ಹೆಚ್ಚಾಗಿ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿಯೇ ಆದರೂ, ಒಮ್ಮೆ ಬಂದು ನೋಡಿ ಸಲಹೆ ಕೊಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಕೇಳುವುದರಲ್ಲಿ ತಪ್ಪಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿದ್ದರೆ, ಶಾಲೆಯಲ್ಲಿ ಏನು ಮಾಡಬೇಕೆಂಬುದನ್ನು ಅವರಿಂದಲೇ ಒಂದು ಪುಟದಲ್ಲಿ ಬರೆಸಿಕೊಂಡು ಬನ್ನಿ. ಐದನೇ ವಯಸ್ಸಿನ ವರದಿ ಈಗ ಹಳೆಯದಾಯಿತು. ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ವಿಕಲತೆಯ ಗುರುತಿನ ಚೀಟಿ, ಇನ್ನೂ ಮಾಡಿಸಿಲ್ಲವಾದರೆ ಮಾಡಿಸಿ, ಆದರೆ ಕಾರ್ಡ್ ಬಂದ ಮೇಲೆ ನೋಡೋಣ ಎಂದು ಶಾಲೆ ಹೇಳುವಂತಿಲ್ಲ. ವಿಕಲತೆ ಕನಿಷ್ಠ ಶೇ 40ರಷ್ಟಿರಬೇಕೆಂಬ ಮಿತಿ ಕೆಲವು ಸೌಲಭ್ಯಗಳಿಗೆ ಮಾತ್ರ, ಸಮಂಜಸ ಹೊಂದಾಣಿಕೆಯ ಹಕ್ಕಿಗೆ ಅದು ಬೇಕಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಶಾಲೆ ಒಂದು ವಾರದಲ್ಲಿ ಉತ್ತರಿಸದಿದ್ದರೆ ಪತ್ರದ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಟ್ಟು ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ಅಲ್ಲಿಯೂ ಆಗದಿದ್ದರೆ ಮಡಿಕೇರಿಯಲ್ಲಿರುವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ. ಅದರ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು ಮತ್ತು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವೆ. ರಾಜ್ಯ ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸಿ ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಕ್ಕಳಿಗೂ ವಿಕಲತೆಯಿರುವವರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಪೊಲೀಸ್ ಠಾಣೆಯ ಮಾತು ಈ ಪ್ರಕರಣದಲ್ಲಿ ಬೇಡ. ಹೊಡೆತ ಬಿದ್ದಿದ್ದರೆ ನನ್ನ ಸಲಹೆಯೇ ಬೇರೆಯಾಗಿರುತ್ತಿತ್ತು.

ಬೇರೆ ಶಾಲೆಯಿಲ್ಲ ಎಂಬ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದಕ್ಕಾಗಿಯೇ ಪತ್ರವನ್ನು ಕಾನೂನಿನ ಕಲಮಿನಿಂದ ಆರಂಭಿಸದೆ, ‘ಮಗ ಶಾಲೆಗೆ ಮರಳುವ ದಿನ ಏನೇನು ಏರ್ಪಾಡು ಮಾಡೋಣ ಎಂದು ಮಾತನಾಡಲು ಸಮಯ ಕೊಡಿ’ ಎಂದು ಆರಂಭಿಸಿ. ಕಲಮುಗಳು ಎರಡನೆಯ ಪ್ಯಾರಾದಲ್ಲಿರಲಿ. ಆ ಸಭೆಯಲ್ಲಿ ಒಂದೇ ಹಾಳೆಯ ಒಪ್ಪಂದ ಸಾಕು. ಅವನಿಗೆ ಕಷ್ಟವಾಗುತ್ತಿದೆ ಎಂಬುದರ ಮೂರು ಗುರುತುಗಳು, ಆಗ ಅವನು ಹೋಗಿ ಕೂರುವ ಜಾಗ, ಕರೆದುಕೊಂಡು ಹೋಗುವವರ ಹೆಸರು, ಯಾರೂ ಹಿಂದಿನಿಂದ ಮುಟ್ಟಬಾರದು ಎಂಬ ಮಾತು, ಎರಡು ತರಗತಿ ಕೂಡಿಸುವ ದಿನ ಮುಂಚೆಯೇ ಅವನಿಗೆ ಹೇಳುವ ಕ್ರಮ, ಮತ್ತು ಪೂರ್ತಿ ದಿನದ ಶಾಲೆಗೆ ಮರಳುವ ದಿನಾಂಕ. 12 ಗಂಟೆಯಿಂದ 3.30ಕ್ಕೆ ಒಂದೇ ದಿನದಲ್ಲಿ ಹೋಗಬೇಕಿಲ್ಲ. ಮೊದಲ ವಾರ ಊಟ ಮುಗಿಸಿ ಬರಲಿ, ಎರಡನೆಯ ವಾರ ಮತ್ತೊಂದು ಪೀರಿಯಡ್ ಕೂರಲಿ. ಆದರೆ ಕೊನೆಯ ದಿನಾಂಕ ಹಾಳೆಯ ಮೇಲಿರಬೇಕು, ಇಬ್ಬರ ಸಹಿಯೂ ಅದರ ಕೆಳಗಿರಬೇಕು. ಅವನು ಮರಳುವ ಹಿಂದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಅವನನ್ನು ಕರೆದುಕೊಂಡು ಹೋಗಿ ಆ ಖಾಲಿ ಹಾಲ್ ಅನ್ನೂ ಅವನು ಕೂರಬಹುದಾದ ಜಾಗವನ್ನೂ ತೋರಿಸಿಕೊಂಡು ಬರಲು ಅನುಮತಿ ಕೇಳಿ. ಆ ಶಿಕ್ಷಕಿಯೂ ಹತ್ತು ನಿಮಿಷ ಉಳಿದುಕೊಂಡರೆ ಒಳ್ಳೆಯದು.